ಪೂಜೆಗಿಟ್ಟ ಸ್ಪ್ಯಾನರ್

ನಾವು ಕಾರು ನಿಲ್ಲಿಸುವ ಜಾಗದ ಸಿಮೆಂಟಿನ ಮೇಲೆ ಎಣ್ಣೆಯ ಕಲೆಯೊಂದು ಉಳಿದುಬಿಟ್ಟಿದೆ. ಅದು ಹೇಗಾಯಿತೆಂದು ಹೇಳಹೊರಟಿದ್ದೇನೆ, ಆದರೆ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಕುಳಿತಿರಬಹುದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಣ್ಣಾರೆ ಕಂಡವರ ಮಾತನ್ನೂ ಅನುಮಾನಿಸಿ ಎಂದು ಇತಿಹಾಸದ ತರಗತಿಯಲ್ಲಿ ಉಪದೇಶಿಸುವ ನಾನು ಈ ಪ್ರಕರಣದಲ್ಲಿ ಕಣ್ಣಾರೆ ಕಂಡವಳು ಮಾತ್ರವಲ್ಲ, ಪ್ರಾಯಶಃ ಕೈಯಾರೆ ಮಾಡಿದವಳೂ ಹೌದು.

ಕಾರು ನನ್ನದೇ: ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಸ್ಪೋರ್ಟ್ಸ್ ಕಾರು. ನಗರದಂಚಿನ ಜೋಕಾದ ನಮ್ಮ ಮನೆಯಿಂದ ನಗರದ ನಡುವಿನ ಪಾರ್ಕ್ ಸ್ಟ್ರೀಟಿನವರೆಗೆ ಅದು ತನ್ನ ಪರಾಕ್ರಮವನ್ನೆಲ್ಲ ನುಂಗಿಕೊಂಡು ಆಟೋಗಳ ಹಿಂದೆ ತೆವಳುತ್ತದೆ. ನಡುವಯಸ್ಸಿನ ಅಧ್ಯಾಪಕಿಗೆ ಇದೇಕೆ ಎಂದು ನೀವು ಕೇಳುವ ಮೊದಲೇ ನನ್ನ ಗಂಡ ಕೇಳಿಯಾಗಿದೆ. ಕೇಳದೆ ಮೆಚ್ಚಿಕೊಂಡವರು ಮೈಸೂರಿನಿಂದ ನಮ್ಮೊಡನಿರಲು ಬಂದ ಮಾವ ಒಬ್ಬರೇ. ಒಲೆ ಆರಿಸಲು ಮರೆಯುತ್ತಾರೆಂದು ಅವರಿಗೆ ಅಡುಗೆಮನೆ ನಿಷಿದ್ಧವಾಗಿತ್ತು. ಅವರ ಪಾಲಿಗೆ ಉಳಿದಿದ್ದು ನನ್ನ ಕಾರು.

ಆಯುಧಪೂಜೆಯ ಬೆಳಿಗ್ಗೆ, "ಹಳೇ ಎಣ್ಣೆ ಹೊಟ್ಟೇಲಿಟ್ಕೊಂಡು ಪೂಜೆ ಮಾಡಿಸ್ಕೊಳ್ಳತ್ತೇನಮ್ಮ ಗಾಡಿ? ನಡಿ, ನಾವೇ ಬದಲಾಯಿಸೋಣ," ಎಂದರು. ದುರ್ಗಾಪೂಜೆಯ ಪೆಂಡಾಲಿನಲ್ಲಿ ಮಿಕ್ಕಿದ್ದ ದಪ್ಪ ಹಲಗೆಗಳನ್ನು ಬೇಡಿ ತಂದು ಮುಂದಿನ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿದೆವು. ಮಾವ ಟಾರ್ಚ್ ಹಿಡಿದರು. ನಾನು ಕಾರಿನಡಿಗೆ ನುಸುಳಿ ಸ್ಪ್ಯಾನರಿನಿಂದ ತಳದ ಬೋಲ್ಟ್ ಬಿಚ್ಚಿದೆ. ಕಪ್ಪೆಣ್ಣೆ ಅರ್ಧ ಬೇಸಿನ್ನಿಗೆ, ಅರ್ಧ ನನ್ನ ತೋಳಿಗೆ ಇಳಿಯಿತು. ಬಳಿಕ ಫಿಲ್ಟರ್ ಬದಲಿಸಿ, ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಹೊಸ ಎಣ್ಣೆ ತುಂಬಿದೆವು.

ಇನ್ನು ಮುಂದಿನದೇ ಮಸುಕು. ಬೋಲ್ಟನ್ನು ಸ್ಪ್ಯಾನರಿನಿಂದ ಬಿಗಿ ಮಾಡಬೇಕಿತ್ತು. ಸ್ಪ್ಯಾನರಾದರೋ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚಾಕು ಕತ್ತರಿಗಳ ಪಕ್ಕ, ಪೂಜೆಯ ಮಣೆಯ ಮೇಲೆ ವಿರಾಜಮಾನವಾಗಿತ್ತು. ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತುವಂತಿಲ್ಲ. ನಿಂಬೆಹಣ್ಣುಗಳ ಮೇಲೆ ಹತ್ತಿಳಿಯುವ ರಿಯಾಯಿತಿ ಕಾರಿಗೆ ಮಾತ್ರ. ಬಿಗಿ ಮಾಡಿದ ಮೇಲೆ ಅದನ್ನು ಮಣೆಗೇರಿಸಿದೆವೋ, ಮೊದಲೇ ಏರಿಸಿದೆವೋ? ಏರಿಸಿದವಳು ನಾನೋ, ಅವರೋ?

ಸಂಜೆ, ಬಂಗಾಳಿ ರೂಢಿಯಂತೆ ನಾವು ಬೌದಿ, ಅಂದರೆ ಅತ್ತಿಗೆ, ಎನ್ನುವ ಪಕ್ಕದ ಮನೆಯವರು ಹೊಸ ಸೀರೆಯುಟ್ಟು ಪೆಂಡಾಲಿಗೆ ಹೊರಟವರು ಕಾರಿನ ಬಳಿ ಜಾರಿ, ಗೋಡೆ ಹಿಡಿದು ಹೇಗೋ ನಿಂತರು. ಸೀರೆಯ ಅಂಚು ಮಾತ್ರ ಎಣ್ಣೆಯಲ್ಲಿ ಅದ್ದಿತು. "ಎ ಕೀ! ಯೇ ಕಿಸ್ನೇ ಕಿಯಾ?" ಎಂದು, ಇದು ಯಾರ ಕೆಲಸವೆಂದು ಕೇಳುವ ಅವರ ಕೂಗಿಗೆ ನಾವೆಲ್ಲ ಕೆಳಗೋಡಿದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಮಗನತ್ತ ತಿರುಗಿ, "ನಾನೇ ಕಣೋ. ಬೋಲ್ಟ್ ಬಿಗಿ ಮಾಡೋದು ಮರ್ತೆ," ಎಂದರು.

ಅವನು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಮಗುವಿಗೆ ಹೇಳುವಂತೆ, "ಇನ್ಮೇಲೆ ಕಾರಿನ ಹತ್ರ ಹೋಗ್ಬೇಡಿ ಅಪ್ಪ," ಎಂದ.

ನನಗೆ ಖಚಿತವಿಲ್ಲವಲ್ಲ ಎಂದು ನಾನು ವಿದ್ವತ್ತಿನ ಮರೆಯಲ್ಲಿ ಸುಮ್ಮನೆ ನಿಂತೆ. ಜೀವಮಾನವಿಡೀ ಸದ್ಗುಣವೆಂದು ಬೋಧಿಸಿದ ಸಂಶಯ ಅಡಗಿಕೊಳ್ಳಲು ಇಷ್ಟು ಅನುಕೂಲವೆಂದು ತಿಳಿದಿರಲಿಲ್ಲ. ಮರುದಿನ ಗಂಡನಿಗೆ, "ಬಹುಶಃ ನಾನೇ ಮರೆತಿರಬೇಕು," ಎಂದರೆ, "ಪಾಪ ಅಂತ ಅವರನ್ನ ಉಳಿಸೋಕೆ ಬರ್ಬೇಡ," ಎಂದು ನಕ್ಕ. ಮರೆವು ನನ್ನದಾದರೆ ಕೆಲಸದ ಒತ್ತಡ, ಮಾವನದಾದರೆ ಕಾಯಿಲೆ. ಮನೆಯ ನ್ಯಾಯ ಇಷ್ಟು ಸರಳ.

ಟೂಲ್‌ಬಾಕ್ಸ್ ಈಗ ಅಟ್ಟದ ಮೇಲಿದೆ. ನಿನ್ನೆ ಸೋಪಿನ ಪುಡಿ ಹಾಕಿ ಆ ಕಲೆಯನ್ನು ಉಜ್ಜುತ್ತಿದ್ದೆ. ಮಾವ ಕಾರಿನಿಂದ ದೂರ, ಮೆಟ್ಟಿಲ ಮೇಲೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತು ನೋಡುತ್ತಿದ್ದರು. ಉಜ್ಜಿದಷ್ಟೂ ಕಲೆ ತೆಳುವಾಗಿ ಅಗಲವಾಯಿತೇ ಹೊರತು ಹೋಗಲಿಲ್ಲ. ತಲೆಯೆತ್ತದೆಯೇ ಕೇಳಿದೆ: "ಮಾವ, ಅವತ್ತು ಸ್ಪ್ಯಾನರ್ ಮಣೆ ಮೇಲಿಟ್ಟಿದ್ದು ನೀವಾ, ನಾನಾ?"