ಬಲಸೆರಗಿನ ಪಟ

ಯಗಟಿಯ ನಮ್ಮ ನಡುಮನೆಯಲ್ಲಿ ಅವ್ವನ ಪಟವೊಂದಿತ್ತು. ಪಟವೆಂದರೆ ಫೋಟೋ. ಆಗಿನ ಕಾಲಕ್ಕೆ ಊರಲ್ಲೆಲ್ಲ ಪಟೇಲರ ಮನೆ ಬಿಟ್ಟರೆ ನಮ್ಮಲ್ಲಿ ಮಾತ್ರ ಇದ್ದದ್ದು. ಹಿರಿಯರ ಹಬ್ಬದ ದಿನ ಪಟೇಲರ ಮನೆಯವರು ತೀರಿಹೋದವರ ಪಟಕ್ಕೆ ಹೂ ಮುಡಿಸಿ ಎಡೆ ಇಡುತ್ತಿದ್ದರು. ನಮ್ಮ ಅಜ್ಜಿ ಮಾತ್ರ ಬೆಳಿಗ್ಗೆ ಎದ್ದವಳೇ ಅವ್ವನ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಬಿಡುತ್ತಿದ್ದಳು. ಕಳಶದ ಮುಂದೆ ಹೊಸ ಸೀರೆ ಇಟ್ಟು ಎಡೆ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ನನ್ನನ್ನು ಜಗಲಿಗೆ ಎಳೆದು ತರುತ್ತಿದ್ದಳು. ಸತ್ತವರು ಬಂದು ಉಣ್ಣುವಷ್ಟು ಹೊತ್ತು ಹೊರಗೆ ಕೂತು, ಒಮ್ಮೆ ಕೆಮ್ಮಿ, ಆಮೇಲೆ ಒಳಗೆ ಹೋಗುವುದು ಪದ್ಧತಿ.

"ಅವ್ವನ್ನ ಯಾಕೆ ತಿರುಗಿಸ್ತೀಯ?" ಎಂದು ಕೇಳಿದರೆ, "ಅವಳಿಗೆ ನಾಚ್ಕೆ ಕಣೇ. ಉಣ್ಣುವಾಗ ನೋಡಬಾರ್ದು" ಎನ್ನುತ್ತಿದ್ದಳು.

ನಾನು ನಂಬಿದೆ. ಮುಚ್ಚಿದ ಬಾಗಿಲ ಆಚೆ ಅವ್ವ ಗೋಡೆಯ ಕಡೆ ತಿರುಗಿಕೊಂಡು, ನಮಗೆ ಬೆನ್ನು ಹಾಕಿ ಉಣ್ಣುತ್ತಿದ್ದಾಳೆಂದು ನೆನೆದರೆ ಮೈ ಜುಮ್ಮೆನ್ನುತ್ತಿತ್ತು.

ಆ ಪಟದಲ್ಲಿ ಇನ್ನೊಂದು ವಿಚಿತ್ರವಿತ್ತು. ಅವ್ವನ ಸೆರಗು ಬಲ ಹೆಗಲ ಮೇಲಿತ್ತು. ನಮ್ಮ ಸೀಮೆಯಲ್ಲಿ ಹಾಗೆ ಯಾರೂ ಉಡುವುದಿಲ್ಲ. ಪಕ್ಕದ ಮನೆಯಾಕೆ ಒಂದು ದಿನ ಮಜ್ಜಿಗೆಗೆಂದು ಬಂದವಳು ಪಟವನ್ನೇ ದಿಟ್ಟಿಸಿ, "ಸತ್ತೋರಿಗೆ ಎಲ್ಲಾ ಎಡಬಲ ಕಣವ್ವ" ಎಂದು ಹೇಳಿ ಹೋದಳು. ಹೌದಲ್ಲ ಎನಿಸಿತು. ಚಿತೆ ಸುತ್ತುವುದು ಎಡಕ್ಕೆ, ತಿಥಿಯಲ್ಲಿ ಜನಿವಾರ ಬೀಳುವುದು ಬಲ ಹೆಗಲಿಗೆ. ಅಂದಮೇಲೆ ಈ ಪಟ ಅವ್ವ ಸತ್ತ ಮೇಲೆ ತೆಗೆದದ್ದು, ಅವಳು ಅಲ್ಲಿಂದಲೇ ನಮ್ಮನ್ನು ನೋಡುತ್ತಿದ್ದಾಳೆ ಎಂದು ನಾನೇ ತೀರ್ಮಾನಿಸಿಕೊಂಡೆ. ನಾನೇನು ಅಂಜುಬುರುಕಿಯಲ್ಲ, ಟಗರು ಹಾಯಲು ಬಂದರೆ ಕೊಂಬು ಹಿಡಿದು ನಿಲ್ಲಿಸುತ್ತಿದ್ದವಳು. ಆದರೂ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದಾಗ ಪಟಕ್ಕೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಹೆದರಿಕೆ ಎಷ್ಟಿತ್ತೋ ಪ್ರೀತಿಯೂ ಅಷ್ಟೇ ಇತ್ತು. ತಲೆ ಬಾಚಿಕೊಂಡರೆ ಅವಳಿಗೆ ತೋರಿಸುತ್ತಿದ್ದೆ, ಅಜ್ಜಿ ಬೈದರೆ ಅವಳ ಹತ್ತಿರ ಚಾಡಿ ಹೇಳುತ್ತಿದ್ದೆ. ನನಗಿದ್ದ ಅವ್ವ ಅಷ್ಟೇ.

ಅಪ್ಪ ನಾಟಕದ ಕಂಪನಿಯಲ್ಲಿದ್ದ. ಸ್ತ್ರೀಪಾತ್ರಕ್ಕೆ ಅವನನ್ನು ಮೀರಿಸುವವರಿಲ್ಲ ಎಂದು ಹೆಸರಾಗಿತ್ತು. ನಾನು ನಾಟಕ ನೋಡಿರಲಿಲ್ಲ, ಅಜ್ಜಿ ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಕಂಪನಿ ಬಿಡುವು ಕೊಟ್ಟಾಗ ಉದ್ದ ಕೂದಲನ್ನು ಗಂಟು ಕಟ್ಟಿಕೊಂಡು, ಬಣ್ಣದ ಪೆಟ್ಟಿಗೆ, ಗಾಜಿನ ಬಳೆಗಳ ಗಂಟು ಹೊತ್ತುಕೊಂಡು ಊರಿಗೆ ಬರುತ್ತಿದ್ದ. ಅವನು ರಾಗಿ ಹೊಲದಲ್ಲಿ ಕಳೆ ಕೀಳುವುದನ್ನು ನೋಡಲು ಅಜ್ಜಂಪುರದಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದಾರೆ! ಏನು ಉಣ್ಣುತ್ತಾನೆ, ಹೇಗೆ ಸ್ನಾನ ಮಾಡುತ್ತಾನೆ ಎಂದು ಬೇಲಿಯ ಮೇಲಿಂದ ಇಣುಕುತ್ತಿದ್ದರು. ಅಪ್ಪ ಮಾತ್ರ ನಡುಮನೆಯ ಪಟದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವನು ಮನೆಯಲ್ಲಿದ್ದಷ್ಟು ದಿನ ಪಟದ ಮುಖದಲ್ಲಿ ಕಳೆಯೇ ಇರುತ್ತಿರಲಿಲ್ಲ. ಅವನು ಹೋದ ಮೇಲೆ ಮತ್ತೆ ಬರುತ್ತಿತ್ತು. ಇದು ನನ್ನ ಕಣ್ಣಿನ ಭ್ರಮೆಯೆಂದು ಈಗ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನಾನಿನ್ನೂ ಲಂಗ ಉಡುತ್ತಿದ್ದಾಗ ಒಂದು ಸಲ ಅಜ್ಜಿ ನನ್ನನ್ನು ಕಡೂರು ಸಂತೆಗೆ ಕರೆದುಕೊಂಡು ಹೋದಳು. ಬಾಚಣಿಗೆ, ಟೇಪು, ಕನ್ನಡಿ ಮಾರುವ ಅಂಗಡಿಯೊಂದರ ಮುಂದೆ ಹಗ್ಗ ಕಟ್ಟಿ ಪಟಗಳನ್ನು ತೂಗುಹಾಕಿದ್ದರು. ದೇವರು, ಮಹಾರಾಜರು, ನಾಟಕದವರು. ಅವುಗಳ ನಡುವೆ ನಮ್ಮವ್ವ ಇದ್ದಳು.

ಅದೇ ಸೀರೆ, ಅದೇ ಓಲೆ, ಅದೇ ಬಗ್ಗಿಸಿದ ತಲೆ. ಆದರೆ ಸೆರಗು ಎಡ ಹೆಗಲ ಮೇಲೆ, ನಮ್ಮೆಲ್ಲರ ಹಾಗೆ. ಸತ್ತವರಿಗೆ ಬಲಸೆರಗಾದರೆ, ಎಡಸೆರಗಿನವಳು ಬದುಕಿರಬೇಕಲ್ಲ. ಅವ್ವ ಬದುಕಿದ್ದಾಳೆ, ಎಲ್ಲೋ ಇಲ್ಲೇ ಕಡೂರಲ್ಲೇ ಇದ್ದಾಳೆ, ಅಜ್ಜಿ ನನಗೆ ಸುಳ್ಳು ಹೇಳಿದ್ದಾಳೆ. ಗಿರಾಕಿಯೊಬ್ಬ ಆ ಪಟವನ್ನು ಕೈಗೆತ್ತಿಕೊಂಡ. ನಾನು ನುಗ್ಗಿ ಕಿತ್ತುಕೊಂಡೆ.

"ಕೊಡು, ನಮ್ಮವ್ವ ಅದು!"

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ಲಿ ಅವ್ವ ತಾಯಿ? ಗಂಡಸು ಅದು, ನಾಟಕದೋನು. ಮಿಕ್ಕಿದ್ರಲ್ಲಿ ಕಿರೀಟ ಐತೆ, ಇದ್ರಲ್ಲಿ ಇಲ್ಲ, ಅಷ್ಟೇಯ. ಇದೇ ಕಣವ್ವ ಜಾಸ್ತಿ ಹೋಗೋದು. ಥೇಟು ಮನೆ ಹೆಂಗಸಂಗೆ ಅವ್ನೆ ನೋಡು."

"ಯಾವ ನಾಟಕದ್ದಪ್ಪಾ ಇದು?" ಎಂದ ಗಿರಾಕಿ.

"ಇನ್ನೂ ಆಡಿಲ್ದೇ ಇರೋದು ಅಂತ ಕಾಣ್ತದೆ."

ನಾನು ಅಜ್ಜಿಯ ಮುಖ ನೋಡಿದೆ. ಅವಳು ನಗಲೂ ಇಲ್ಲ, ಬೆರಗಾಗಲೂ ಇಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆ ನಾಟಕದವನು ಯಾರೆಂದು ನನಗೆ ಆಗಲೇ ತಿಳಿದುಹೋಯಿತು.

ಗಾಡಿಯಲ್ಲಿ ವಾಪಸು ಬರುವಾಗ ಅಜ್ಜಿ ಹೇಳಿದಳು. ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅವ್ವ ಅಲ್ಲೇ ತೀರಿಕೊಂಡಳು. ನಾನಿನ್ನೂ ಮೊಲೆ ಬಿಟ್ಟಿರಲಿಲ್ಲ. ಅವಳ ಬಟ್ಟೆಬರೆಯನ್ನೆಲ್ಲ ಗುಡಿಸಲಿನ ಸಮೇತ ಸುಟ್ಟರು. ಅಪ್ಪ ಪಾತ್ರಕ್ಕೆಂದು ಒಯ್ದಿದ್ದ ಒಂದು ಸೀರೆ ಮಾತ್ರ ಕಂಪನಿಯ ಪೆಟ್ಟಿಗೆಯಲ್ಲಿ ಉಳಿಯಿತು. ಅವಳದೊಂದು ಪಟವನ್ನೂ ಯಾರೂ ತೆಗೆಸಿರಲಿಲ್ಲ.

"ನೀನು ಮಾತು ಕಲಿತೋಳು ಅವ್ವ ಹೆಂಗಿದ್ಲು ಅಂತ ಪ್ರಾಣ ತಿಂತಿದ್ದೆ. ನಿಮ್ಮಪ್ಪ ತರೀಕೆರೇಲಿ ಆ ಸೀರೆ ಉಟ್ಟು ಕೂತು ತೆಗೆಸ್ಕೊಂಡು ಬಂದ. ಬದುಕಿರೋ ಮಗನ ಪಟಕ್ಕೆ ನಾನು ಹೆಂಗೇ ಎಡೆ ಇಡ್ಲಿ? ಅದಕ್ಕೇ ತಿರುಗಿಸ್ತಿದ್ದೆ."

"ಹಂಗಾದ್ರೆ ಅವ್ವನ ಮುಖ?"

"ಎಲ್ಲೂ ಇಲ್ಲ ಕಣೇ."

ಮನೆಗೆ ಬಂದವಳೇ ಪಟವನ್ನು ಗೋಡೆಗೆ ತಿರುಗಿಸಿದೆ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಅಷ್ಟು ದಿನ ಮಾತಾಡಿದ್ದು ಯಾರ ಹತ್ತಿರ? ಸಂತೆಯಲ್ಲಿ ಕಂಡಕಂಡವರು ಕೊಂಡು ಒಯ್ಯುವ ಒಂದು ವೇಷದ ಹತ್ತಿರ. ಬುದ್ಧಿ ತಿಳಿದಾಗಿನಿಂದ ಇಲ್ಲದ ಅವ್ವ ಅವತ್ತು ಸತ್ತಳು, ನಾನು ಅತ್ತೆ.

ಮಳೆಗಾಲದಲ್ಲಿ ಅಪ್ಪ ಬಂದ. ತಿರುಗಿದ್ದ ಪಟವನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಹಬ್ಬ ಇನ್ನೂ ದೂರ ಐತಲ್ಲ," ಎಂದ.

"ಕಡೂರಲ್ಲಿ ನಿನ್ನ ಮಾರ್ತಾರೆ," ಎಂದೆ.

ಅಪ್ಪನಿಗೆ ಸಿಟ್ಟು ಬರಲಿಲ್ಲ. ನನ್ನ ಪಕ್ಕದಲ್ಲಿ ಕೂತ. "ಗೊತ್ತು ಕಣವ್ವ. ತರೀಕೆರೆ ಪಟದೋನು ಪಟ ಮೂಡಿರೋ ಗಾಜು ಮಡಿಕ್ಕೊಂಡು, ಅದ್ರಿಂದ ಅಚ್ಚು ತೆಗ್ದು ಮಾರ್ಕೊಂತಾನೆ. ಅವನು ಮಾರೋದು ನನ್ನನ್ನ. ಮೊದ್ಲು ನಂಗೂ ಅದನ್ನೇ ಕೊಟ್ಟ. ನೋಡ್ದೆ, ಅದ್ರಲ್ಲಿ ಅವಳಿರ್ಲಿಲ್ಲ. ಬಣ್ಣ ಹಚ್ಕೊಳ್ಳುವಾಗ ಕನ್ನಡೀಲಿ ಬತ್ತಾಳಲ್ಲ, ಹಂಗೆ ಮಾಡಿಕೊಡು ಅಂದೆ. ಗಾಜು ಮಗುಚಿ ಹಾಕಿ ಎಡಬಲ ಮಾಡಿ ಅಚ್ಚು ತೆಗ್ದ. ಆಗ ಬಂದ್ಲು."

ನಾನು ನಂಬಲಿಲ್ಲ. ಅಪ್ಪ ಪೆಟ್ಟಿಗೆಯಿಂದ ಕನ್ನಡಿ ತೆಗೆದು ನನ್ನ ಕೈಗೆ ಕೊಟ್ಟ. "ಕನ್ನಡಿ ನೋಡು, ನನ್ನ ನೋಡಬೇಡ" ಎಂದು ನನ್ನ ಬೆನ್ನ ಹಿಂದೆ ಕೂತ. ಬಳೆ ತೊಟ್ಟ ಸದ್ದಾಯಿತು. ಹೆಗಲ ವಲ್ಲಿಯನ್ನು ಎಡಕ್ಕೆ ಸೆರಗಿನಂತೆ ಹೊದ್ದುಕೊಂಡ. ಕನ್ನಡಿಯಲ್ಲಿ ಸೆರಗು ಬಲ ಹೆಗಲಿಗೆ ಬಂತು. ತಲೆ ಒಂದಿಷ್ಟು ಬಗ್ಗಿತು.

ನನ್ನ ಭುಜದ ಹಿಂದೆ ಅವ್ವ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

ಗಕ್ಕನೆ ಹಿಂತಿರುಗಿದೆ. ಗಡ್ಡ ಬಂದಿದ್ದ ಅಪ್ಪ, ಹೆಗಲ ಮೇಲೆ ಕೊಳೆ ವಲ್ಲಿ. ಮತ್ತೆ ಕನ್ನಡಿ ನೋಡಿದೆ. ಅವ್ವ. ಒಲೆಯ ಮುಂದಿದ್ದ ಅಜ್ಜಿ ಎದ್ದು ಬಂದವಳು ಕನ್ನಡಿಯನ್ನು ಕಂಡು, "ಸಾಕು ಬಿಡೋ, ಸಾಕು. ಆಮೇಲೆ ಹೋಗೋದೇ ಇಲ್ಲ ಅವಳು" ಎಂದಳು. ಆ ಸಂಜೆ ನಾನೇ ಪಟವನ್ನು ಈಚೆಗೆ ತಿರುಗಿಸಿದೆ.

ಕೆಲವು ವರ್ಷಗಳ ಮೇಲೆ ಕಂಪನಿ ಮೊಕ್ಕಾಂ ಹೂಡಿದ್ದ ಊರಿನಲ್ಲಿ ಅಪ್ಪ ಜ್ವರದಿಂದ ತೀರಿಕೊಂಡ. ಬಣ್ಣದ ಪೆಟ್ಟಿಗೆಯೂ ಬಳೆಗಳ ಗಂಟೂ ಊರಿಗೆ ಬಂದವು. ಕಿರೀಟ ಇಟ್ಟ ಅವನ ಪಟಗಳು ಎಲ್ಲ ಸಂತೆಗಳಲ್ಲೂ ಸಿಗುತ್ತಿದ್ದವು, ಅಜ್ಜಿ ಒಂದನ್ನೂ ತರಲು ಬಿಡಲಿಲ್ಲ.

ಆ ವರ್ಷದ ಹಿರಿಯರ ಹಬ್ಬಕ್ಕೆ ರೂಢಿಯಂತೆ ಪಟ ತಿರುಗಿಸಲು ಹೋದೆ. "ಬ್ಯಾಡ ಕಣೇ," ಎಂದಳು ಅಜ್ಜಿ. "ಇನ್ನು ಹಂಗೇ ಇರ್ಲಿ. ಇಬ್ರೂ ಅಲ್ಲೇ ಅವ್ರೆ." ಒಂದೇ ಪಟದ ಮುಂದೆ ಒಂದು ಸೀರೆ, ಒಂದು ಪಂಚೆ ಇಟ್ಟಳು. ಎರಡು ಎಡೆ ಹಾಕಿದಳು. ಪಟಕ್ಕೆ ಮೊದಲ ಸಲ ಹೂ ಮುಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದು ನನ್ನ ಪಕ್ಕ ಜಗಲಿಯಲ್ಲಿ ಕೂತಳು.

ಇನ್ನೇನು ಅಜ್ಜಿ ಕೆಮ್ಮಬೇಕು, ಒಳಗೆ ಬಳೆಯ ಸದ್ದಾಯಿತು.

"ಅಜ್ಜಿ, ಅವ್ವನಾ ಅಪ್ಪನಾ?" ಎಂದೆ.

"ಯಾರಾದ್ರೇನೇ, ಉಣ್ಲಿ ಬಿಡು," ಎಂದು ಅಜ್ಜಿ ಬಂದ ಕೆಮ್ಮನ್ನು ನುಂಗಿಕೊಂಡು ಕೂತಳು.