ಟ್ಯೂಬ್‌ಲೈಟಿನ ಹಸಿರು ಸೀರೆ

ಇವತ್ತಿನದು ಕೇಳಿ ಮಾರಾಯ್ರೆ. ಜೋಗದಲ್ಲಿ ನೀರಿಲ್ಲ, ಕರೆಂಟಿಗೆ ತತ್ವಾರ, ಹಗಲು ದೀಪ ಹಾಕೋದು ಬೇಡ ಅಂತ ಸಾಗರದ ಜವಳಿ ಅಂಗಡಿಯವರೆಲ್ಲ ಮೊನ್ನೆ ಒಪ್ಪಿಕೊಂಡಿದ್ವಿ. ಪಾಲಿಸಿದವನು ನಾನೊಬ್ಬನೇ.

ಬೆಳಿಗ್ಗೆ ಒಬ್ಬ ಹೆಂಗಸು ಅರ್ಧ ಕಪಾಟು ವಾಯಿಲ್ ಸೀರೆ ಬಿಚ್ಚಿಸಿ, "ನಿಮ್ಮಲ್ಲಿ ಕತ್ತಲೆ ಕಣ್ರೀ, ಬಣ್ಣವೇ ಗೊತ್ತಾಗಲ್ಲ" ಅಂತ ಎದುರಂಗಡಿಗೆ ಹೋದರು. ಅಲ್ಲಿ ಹಾಡಹಗಲೇ ಟ್ಯೂಬ್‌ಲೈಟುಗಳು ಸಾಲಾಗಿ ಉರೀತಿದ್ವು. ನಾನು ಸೀರೆ ಮಡಚುತ್ತಾ ಕೂತೆ.

ಕೊನೇದು ಮಡಚೋ ಹೊತ್ತಿಗೆ ಅವರೇ ಪೊಟ್ಟಣ ಹಿಡಿದು ನನ್ನ ಮೆಟ್ಟಿಲ ಮೇಲೆ ನಿಂತಿದ್ದರು.

"ಹಸಿರು ಅಂತ ತಗೊಂಡೆ, ಯಾಕೋ ಅನುಮಾನ. ನಿಮ್ಮ ಬಾಗಿಲಲ್ಲಿ ಒಳ್ಳೇ ಬಿಸಿಲಿದೆ, ಸ್ವಲ್ಪ ನೋಡಿ ಹೇಳ್ತೀರಾ?"

ಬಿಚ್ಚಿ ಬಿಸಿಲಿಗೆ ಹಿಡಿದೆ. ನೀಲಿ ಅಂದ್ರೆ ನೀಲಿ.

ಅದನ್ನೂ ನಾನೇ ಮಡಚಿಕೊಟ್ಟೆ.