ಬನ್ನೂರಿನ ಏಳು ಹೊಸ ಕೆರೆಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ ಭೂಗೋಳಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ, ನಾನು ಬನ್ನೂರಿನ ಸುತ್ತ ಏಳು ಹೊಸ ಕೆರೆಗಳನ್ನು ಕಂಡುಹಿಡಿದೆ. ಅವು ಯಾವ ನಕಾಶೆಯಲ್ಲೂ ಇರಲಿಲ್ಲ. ಇರದಿದ್ದುದಕ್ಕೆ ಕಾರಣವಿತ್ತು, ಆದರೆ ಅದು ಗೊತ್ತಾಗುವವರೆಗಿನ ಎರಡು ವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ.

ನನ್ನ ಪ್ರಬಂಧದ ವಿಷಯ ತಿ. ನರಸೀಪುರ ತಾಲ್ಲೂಕಿನ ನೀರು. ಉಪಗ್ರಹ ತೆಗೆದ ಚಿತ್ರವನ್ನು ದೀಪದ ಮೇಜಿನ ಮೇಲೆ ಹರಡಿ, ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು, ನೀರೆಂದು ಕಂಡದ್ದಕ್ಕೆಲ್ಲ ಗೆರೆ ಎಳೆಯಬೇಕು. ಆ ಚಿತ್ರಗಳಲ್ಲಿ ಬೆಳೆ ಕೆಂಪಗೆ ಕಾಣುತ್ತದೆ, ನೀರು ಕಪ್ಪಗೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಹೋಗಬೇಕಾದ ಆ ತಣ್ಣನೆಯ ಕೋಣೆಯಲ್ಲಿ ಕೂತು, ನಾನು ಹುಟ್ಟಿದ ತಾಲ್ಲೂಕನ್ನು ಆಕಾಶದಿಂದ ನೋಡುವುದೆಂದರೆ ನನಗೆ ಹೆಮ್ಮೆ. ಸ್ವಲ್ಪ ಸೊಕ್ಕು ಕೂಡ.

ಮಾರ್ಗದರ್ಶಕರು ಸರ್ವೆ ನಕಾಶೆಯನ್ನು ನನ್ನ ಹಾಳೆಯ ಪಕ್ಕದಲ್ಲಿಟ್ಟು, "ಇಲ್ಲಿ ಕೆರೆಗಳೇ ಇಲ್ವಲ್ಲಮ್ಮ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನಕಾಶೆ ಹಳೇದು ಸರ್ ಎಂದೆ. ಅವರು ವಾದಕ್ಕೆ ಇಳಿಯಲಿಲ್ಲ. ಸ್ಥಳ ಪರಿಶೀಲನೆಯ ಒಂದು ಫಾರಂ ಕೊಟ್ಟು, "ಹೋಗಿ ನಿಂತು ನೋಡ್ಕೊಂಡು ಬನ್ನಿ. ಇದನ್ನ ಸರಿಯಾಗಿ ತುಂಬದೆ ನಾನು ಪ್ರಬಂಧಕ್ಕೆ ಸಹಿ ಹಾಕಲ್ಲ" ಎಂದರು. ಸಹಿ ಬೀಳದಿದ್ದರೆ ನನಗೆ ಒಂದು ವರ್ಷ ಹೋದ ಹಾಗೆ.

ಭಾನುವಾರ ಹೊರಟೆ. ಒಬ್ಬಳೇ ಬದುಗಳ ಮೇಲೆ ಅಲೆಯಬೇಡ ಎಂದು ಅವ್ವನೂ ಜೊತೆಗೆ ಬಂದಳು. ಅವ್ವ ನಾಟಿ ಹಾಕುವವಳು. ಆ ಸುತ್ತಿನ ಗದ್ದೆಗಳಲ್ಲಿ ಇಪ್ಪತ್ತು ವರ್ಷದಿಂದ ಸೊಂಟ ಬಗ್ಗಿಸಿ ಪೈರು ನೆಟ್ಟವಳು. ಮೊದಲನೇ ಕೆರೆ ಇರಬೇಕಾದ ಜಾಗದಲ್ಲಿ ಕೊಯ್ದ ಭತ್ತದ ಕೂಳೆ ಒಣಗಿ ನಿಂತಿತ್ತು. ನಾನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದೆ. ಚಿತ್ರ ತೆಗೆದದ್ದು ಯಾವಾಗ ಎಂದು ಅವ್ವ ಕೇಳಿದಳು. ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ, ಗೌರಿ ಹಬ್ಬಕ್ಕೆ ಎಂಟು ದಿನ ಮುಂಚೆ ಎಂದೆ.

"ಕೆರೆ ಎಲ್ಲಿಂದ ಬಂತು ಮಗ? ಆ ವರ್ಸ ನಾಲೆ ನೀರ ತಡವಾಗಿ ಬಿಟ್ರು. ಗೌರಿ ಅಬ್ಬ ಇನ್ನೊಂದ್ ವಾರ ಅದೆ ಅನ್ನುವಾಗ ಇದ್ನೆಲ್ಲ ಉತ್ತು ನೀರು ಕಟ್ಟಿದ್ರು. ನಾವೇ ನಾಟಿ ಆಕಿದ್ದು."

ನೀರು ಕಟ್ಟಿದ ಕೆಸರುಗದ್ದೆ ಚಿತ್ರದಲ್ಲಿ ಕಪ್ಪಗೆ ಬಿದ್ದಿತ್ತು, ನಾನು ಅದನ್ನು ಕೆರೆ ಮಾಡಿದ್ದೆ. ಅಲ್ಲಿಂದಾಚೆ ಅವ್ವ ಮುಂದೆ, ನಾನು ಹಿಂದೆ. ಯಾವ ಗದ್ದೆಗೆ ಯಾವತ್ತು ನೀರು ಕಟ್ಟಿದರು, ಎಷ್ಟು ಆಳು ಹಿಡಿಯಿತು, ಯಾವುದಕ್ಕೆ ಪೈರು ಸಾಲದೆ ನರಸೀಪುರದ ಕಡೆಯಿಂದ ತಂದರು, ಎಲ್ಲವನ್ನೂ ಹೇಳುತ್ತಾ ನಡೆದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಇಷ್ಟು ಖಚಿತವಾಗಿ ಮಾತಾಡುವವರನ್ನು ನಾನು ನಮ್ಮ ವಿಭಾಗದಲ್ಲೂ ಕಂಡಿರಲಿಲ್ಲ. ನನ್ನ ಅವ್ವ ಇಂಥವಳು ಎಂದು ಬೆರಗಾಯಿತು. ಆದರೂ ಮಾಹಿತಿ ಕೊಟ್ಟವರ ಹೆಸರು ಎಂಬ ಕಾಲಂನಲ್ಲಿ "ಸ್ಥಳೀಯ ಕೃಷಿ ಕಾರ್ಮಿಕರು" ಎಂದಷ್ಟೇ ಬರೆದೆ. ಅವ್ವ ಕೂಲಿಗೆ ಹೋಗುತ್ತಾಳೆಂದು ತರಗತಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾರ್ಗದರ್ಶಕರು ಫಾರಂ ಓದಿ ತಲೆದೂಗಿದರು. ಆಮೇಲೆ ಆ ಕಾಲಂ ಮೇಲೆ ಬೆರಳಿಟ್ಟರು. "ಎರಡು ವರ್ಷದ ಹಿಂದಿನದನ್ನ ವಾರದ ಸಮೇತ ಹೇಳಿದಾರಲ್ಲ, ಯಾರಮ್ಮ ಇವರು?"

ಸುಳ್ಳು ಬಾಯಿಗೆ ಬರಲಿಲ್ಲ. "ನಮ್ಮವ್ವ ಸರ್. ನಾಟಿ ಹಾಕೋಕೆ ಹೋಗ್ತಾರೆ."

"ಮತ್ತೆ ಹೆಸರು ಯಾಕಿಲ್ಲ? ಹೇಳಿದವರ ಹೆಸರಿಲ್ಲದ ಫಾರಂ ಇಟ್ಕೊಂಡು ನಾನೇನು ಮಾಡ್ಲಿ. ಹೆಸರು ಬರೆದು, ಅವರ ರುಜು ಹಾಕಿಸ್ಕೊಂಡು ಬನ್ನಿ. ಆಮೇಲೆ ನಂದು."

ಊರಿಗೆ ಹೋಗಿ, ಹೆಸರು ಯಾಕೆ ಬರೆದಿರಲಿಲ್ಲ ಎಂಬುದನ್ನು ಅವ್ವನ ಮುಂದೆ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವಯಸ್ಕರ ಶಾಲೆಯಲ್ಲಿ ರುಜು ಹಾಕುವುದನ್ನು ಕಲಿತಿದ್ದಳು, ಓದು ಅಷ್ಟಾಗಿ ಬರುತ್ತಿರಲಿಲ್ಲ. "ಏನ್ ಬರ್ದಿದ್ದೀಯ, ಓದು" ಎಂದಳು. ಒಂದೊಂದಾಗಿ ಓದಿದೆ. ಆರನೆಯದರವರೆಗೆ ಹೂಂಗುಟ್ಟಿದಳು. ಏಳನೆಯದಕ್ಕೆ ತಡೆದಳು.

"ಅಲ್ಗೆ ನಾವ್ ಓಗ್ಲೇ ಇಲ್ವಲ್ಲ."

ನಿಜ. ಅದು ನಾಲೆಯಾಚೆಗಿತ್ತು, ಬಸ್ಸಿಗೆ ಹೊತ್ತಾಗಿತ್ತು. ಆರೂ ಗದ್ದೆಯಾದ ಮೇಲೆ ಏಳನೆಯದು ಇನ್ನೇನಾದೀತು ಎಂದು ಬಸ್ಸಿನಲ್ಲಿ ಕೂತು ನಾನೇ ತುಂಬಿದ್ದೆ. ಅದೂ ಗದ್ದೆಯೇ ಇರುತ್ತೆ ಬಿಡವ್ವ ಎಂದೆ.

"ಇರ್ಬೋದು. ಅಲ್ಲಿ ನಾನ್ ನಾಟಿ ಆಕಿಲ್ಲ, ಕಣ್ಣಲ್ಲೂ ನೋಡಿಲ್ಲ. ಕಾಣ್ದಿದ್ಕೆ ನನ್ನ ಎಸ್ರು ಬ್ಯಾಡ."

ಆ ಹೆಸರು ಬರೆಯಲು ನಾಚಿಕೊಂಡಿದ್ದ ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಏಳನೆಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ "ನೋಡಿಲ್ಲ" ಎಂದು ಬರೆದು, ಅದನ್ನೂ ಓದಿ ಹೇಳಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಕೇಳಿದಳು.